ಕೆಂಪು ಔಷಧದ ಮಾಪಣ್ಣನಿಗೆ ಅಂಟಿದ ಅಪವಾದ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಮಲಾಪುರದ ಬಾಳೆತೋಟದ ಬಾವಿಕಟ್ಟೆಯ ಮೇಲೆ ಐವತ್ತರ ಆಸುಪಾಸಿನ ಮನುಷ್ಯನೊಬ್ಬ ತಗಡಿನ ಬಕೀಟನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಾನೆ. ಬಕೀಟಿನಲ್ಲಿ ಕರಗಿಸಿದ ಔಷಧ ದಾಳಿಂಬೆಯ ರಸದಂತೆ ಕೆಂಪಗಿದೆ. ಅದನ್ನು ಬಾವಿಗೆ ಇಳಿಸಿ, ಹತ್ತಾರು ಸಲ ಎತ್ತಿ ಮುಳುಗಿಸಿ, ನೀರನ್ನು ತಳದವರೆಗೆ ಕಲಕಬೇಕು. ಆದರೆ ಬಾವಿಗೆ ಹಗ್ಗವಿಲ್ಲ, ರಾಟೆಯೂ ಇಲ್ಲ. ಈತ ಬರುತ್ತಾನೆಂದು ತಿಳಿದು ತೋಟದ ಒಡತಿ ಸಾಬಮ್ಮ ರಾತ್ರಿಯೇ ಎರಡನ್ನೂ ಬಿಚ್ಚಿಸಿ ಮನೆಯೊಳಗೆ ಇರಿಸಿಕೊಂಡಿದ್ದಾಳೆ.

ಈತ ಮಾಪಣ್ಣ. ಕಲಬುರಗಿಯ ಕೋಟೆಯ ಹಿಂದಿನ ಓಣಿಯವನು. ವಾಂತಿಭೇದಿಯ ಸುದ್ದಿ ಬಂದ ಊರಿಗೆ ಡಬ್ಬಿ ಹೊತ್ತು ನಡೆದು, ಬಾವಿಗಳಿಗೆ ಔಷಧ ಹಾಕುವುದು ಹನ್ನೊಂದು ವರ್ಷಗಳಿಂದ ಈತನ ಕೆಲಸ. ಒಂದು ಬೇಸಿಗೆಗೆ ನಲವತ್ತು ಬಾವಿಗಳು. ಕಲಬುರಗಿಯಿಂದ ಕಮಲಾಪುರಕ್ಕೆ ಹನ್ನೊಂದು ಕೋಸು, ಅಂದರೆ ಇಪ್ಪತ್ತೆರಡು ಮೈಲಿ; ಬಂಡಿಯವರು ಹತ್ತಿಸಿಕೊಳ್ಳುವುದಿಲ್ಲ. ಸ್ಟೇಶನ್ ಬಜಾರದ ಟಾಂಗಾದ ಶಫಿ ದೂರದಿಂದಲೇ ಕೂಗುತ್ತಾನಂತೆ: "ಏ ಮಾಪಣ್ಣ, ಇವತ್ತ ಯಾವ ಊರಿಗಿ ಸಾವು ಒಯ್ಯಾಕತ್ತಿ? ನಮ್ಮ ಮಾವನ ಊರಿದ್ರ ಹೇಳಪಾ, ಕುಂಡ್ರಿಸಿಕೊಂಡು ಹೋಗ್ತೀನಿ!"

ಇದು ಬರೀ ಟಾಂಗಾದವರ ತಮಾಷೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಕಚೇರಿಯೊಂದರ ಗುಮಾಸ್ತರೊಬ್ಬರು ಕಾಗದದ ಮೇಲೆ ಇದನ್ನೇ ಬರೆದಿದ್ದಾರೆ. ಔಷಧ ಹಾಕಿದ ಹನ್ನೊಂದು ಊರುಗಳಲ್ಲಿ ಎಪ್ಪತ್ತಮೂರು ಸಾವು, ಹಾಕದ ಇಪ್ಪತ್ತು ಊರುಗಳಲ್ಲಿ ಎಂಟು. ಆದಕಾರಣ, ಎನ್ನುತ್ತಾರೆ ಆ ಮಹನೀಯರು, ಔಷಧವೇ ಮೃತ್ಯುಕಾರಕ! ಆ ಇಪ್ಪತ್ತರಲ್ಲಿ ಹದಿನೆಂಟು ಊರುಗಳಿಗೆ ಬೇನೆ ಕಾಲಿಟ್ಟೇ ಇಲ್ಲ, ಬೇನೆ ಇಲ್ಲದ ಊರಿಗೆ ಮಾಪಣ್ಣನನ್ನು ಕಳಿಸುವ ಪದ್ಧತಿಯೇ ಇಲ್ಲ ಎಂಬುದನ್ನು ಅವರಿಗೆ ಯಾರು ತಿಳಿಸಬೇಕು? ಕೂಡಿಸಲು ಕಲಿತವರೆಲ್ಲ ಅಂಕಿಗಳನ್ನು ಓದಲೂ ಕಲಿತಿದ್ದಾರೆ ಎಂದು ನಂಬುವುದು ನಮ್ಮ ಕಾಲದ ದೊಡ್ಡ ಮೂಢನಂಬಿಕೆ.

"ಬೆಂಕಿ ಬಿದ್ದ ಮನಿಗೆಲ್ಲಾ ಕೊಡ ಹೊತ್ತು ಓಡ್ತೀನ್ರೀ," ಎನ್ನುತ್ತಾನೆ ಮಾಪಣ್ಣ. "ಬೆಂಕಿ ಬಿದ್ದಲ್ಲೆಲ್ಲಾ ಇವನೇ ಕಾಣ್ತಾನ, ಹಚ್ಚಿದವನೂ ಇವನೇ ಅಂದ್ರ ಏನ ಮಾಡ್ಲಿ?"

ಕಾಗದದ ಸುದ್ದಿ ಕಮಲಾಪುರಕ್ಕೆ ಮಾಪಣ್ಣನಿಗಿಂತ ಮೊದಲೇ ಮುಟ್ಟಿತ್ತು. ಹೋದ ಸೋಮವಾರ ಆತ ಊರ ದೊಡ್ಡ ಬಾವಿಗೆ ಔಷಧ ಹಾಕಿದ. ನೀರು ಕೆಂಪಾದದ್ದನ್ನು ಕಂಡು ಅರ್ಧ ಊರು ಹೆದರಿ, ಅಂದಿನಿಂದ ಸಾಬಮ್ಮನ ತೋಟದ ಬಾವಿಗೆ ಕೊಡ ಹಿಡಿಯಿತು; ಅಲ್ಲಿಯವರೆಗೆ ಆ ನೀರು ಬಾಳೆಗಷ್ಟೇ, ಸಾಬಮ್ಮನ ಮನೆಗೂ ಕುಡಿಯಲು ದೊಡ್ಡ ಬಾವಿಯ ನೀರೇ. ನಾಲ್ಕೇ ದಿನಗಳಲ್ಲಿ ಬೇನೆ ತೋಟದ ಬಾವಿಯ ಮನೆಗಳಲ್ಲಿ ಎದ್ದಿತು. ಬೈಗುಳ ಮಾತ್ರ ದೊಡ್ಡ ಬಾವಿಯ ಔಷಧಕ್ಕೆ ಬಿತ್ತು. ಇಂದು ತೋಟದ ಬಾವಿಗೆ ಔಷಧ ಇಳಿಯದಿದ್ದರೆ ಇನ್ನಷ್ಟು ಮನೆಗಳು ಮಲಗುತ್ತವೆ. ಹಾಗಿದ್ದರೆ ಬೇರೆ ಹಗ್ಗ ತಂದು ಕದ್ದು ಹಾಕಬಾರದೇ?

"ಕದ್ದು ಹಾಕಿದ್ರ ನಾಳೆ ಹಳ್ಳದ ನೀರಿಗಿ ಓಡ್ತಾರ್ರೀ. ಅವರಾಗೇ ಹಗ್ಗ ಕೊಡಬೇಕು."

ಅಕ್ಷರ ಬಾರದ ಮಾಪಣ್ಣನ ಲೆಕ್ಕ ಕಾಳುಗಳಲ್ಲಿದೆ. ಬಾವಿಗೊಂದು ಚೀಲ. ಮನೆಮನೆಗೆ ಹೋಗಿ ಎರಡೇ ಪ್ರಶ್ನೆ ಕೇಳುತ್ತಾನೆ: ಯಾವ ಬಾವಿಯ ನೀರು? ಬೇನೆ ಎದ್ದದ್ದು ಯಾವ ದಿನ? ಊರಿಗೆ ಔಷಧ ಬಂದ ದಿನಕ್ಕಿಂತ ಮೊದಲು ಮಲಗಿದವರಿಗೆ ಜೋಳದ ಕಾಳು, ಆಮೇಲೆ ಮಲಗಿದವರಿಗೆ ತೊಗರಿ. ಸತ್ತ ದಿನವನ್ನು ಕೇಳುವುದಿಲ್ಲ. ಕಚೇರಿ ಅದೊಂದನ್ನೇ ಕೇಳುತ್ತದೆ. ಹಿಂದೊಮ್ಮೆ ಆತ ಇಂಥ ಚೀಲಗಳನ್ನು ಕಚೇರಿಗೆ ಒಯ್ದಾಗ ಗುಮಾಸ್ತರು, "ಅಡಗಿ ಮನಿ ಆ ಕಡಿ ಅದ," ಎಂದರಂತೆ.

ಹೊತ್ತು ಮೂಡುತ್ತಲೇ ಸಾಬಮ್ಮ ಬಾಗಿಲು ತೆರೆದು ಅಂಗಳಕ್ಕೆ ಬರುತ್ತಾಳೆ. ಅವಳ ಹಿರಿಯ ಮಗ ದೇವೀಂದ್ರಪ್ಪ ಹೋದ ಮಂಗಳವಾರ ತೀರಿಕೊಂಡಿದ್ದಾನೆ.

"ಇನ್ನೂ ಹೋಗಿಲ್ಲೇನೋ ಖೋಡಿ? ನೀ ಬಂದಿ, ನನ್ನ ಮಗ ಹೋದ. ಇನ್ನ ಯಾರನ್ನ ಒಯ್ಯಾಕ ಕುಂತಿ?"

"ಯವ್ವಾ, ಒಂದೇ ಮಾತು ಕೇಳ್ತೀನಿ. ದೇವೀಂದ್ರಪ್ಪ ಮಲಗಿದ್ದು ಯಾವತ್ತ?"

"ಐತ್ವಾರ. ನಸುಕಿನಾಗ."

"ನಾ ಬಂದಿದ್ದು?"

"ಮರುದಿನ. ಸೋಮಾರ," ಎನ್ನುತ್ತಾಳೆ ಸಾಬಮ್ಮ, ಬೆರಳು ಮಡಚಿ ಎಣಿಸುತ್ತ. ಮಾಪಣ್ಣ ದೊಡ್ಡ ಬಾವಿಯ ಚೀಲವನ್ನು ಮೆಟ್ಟಿಲ ಮೇಲೆ ಬಿಚ್ಚುತ್ತಾನೆ: ಹತ್ತೊಂಬತ್ತು ಜೋಳ, ಎರಡು ತೊಗರಿ. ಆ ಇಬ್ಬರ ಮನೆಯ ಮಣ್ಣಿನ ಹರವಿಯಲ್ಲಿ ಔಷಧಕ್ಕೆ ಮೊದಲು ಸೇದಿದ ನೀರು ತುಂಬಿತ್ತೆಂದು ಹೇಳುತ್ತಾನೆ. ಬಳಿಕ ತೋಟದ ಬಾವಿಯ ಚೀಲ: ಹದಿನಾಲ್ಕು ಕಾಳು, ಹದಿನಾಲ್ಕೂ ತೊಗರಿ.

"ಇವರ್ಯಾರೂ ಕೆಂಪು ನೀರು ನಾಲಿಗಿಗಿ ಹಚ್ಚಿದವರಲ್ಲ ಯವ್ವಾ. ಅದಕ್ಕ ಹೆದರಿ ನಿನ್ನ ಬಾವಿಗಿ ಬಂದವರು."

ಸಾಬಮ್ಮ ಕಾಳುಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡುತ್ತಾಳೆ. "ಅಂದ್ರ ನನ್ನ ಮಗ ಈ ಜೋಳದಾಗ ಅದಾನೇನು?"

"ಹೌದು ಯವ್ವಾ."

ಅವಳು ಒಳಗೆ ಹೋಗುತ್ತಾಳೆ. ಹಗ್ಗವನ್ನೂ ರಾಟೆಯನ್ನೂ ತಂದು ಮಾಪಣ್ಣನ ಮುಂದೆ ಹಾಕುತ್ತಾಳೆ. "ಬಾಳೆಗಿಡ ಒಣಗಿದ್ರ ನಿನ್ನ ಬಿಡಂಗಿಲ್ಲ, ನೋಡು."

ಎಂಟು ದಿನ ಕಳೆದಿವೆ. ತೋಟದ ಬಾವಿಯ ಚೀಲಕ್ಕೆ ಮೊದಲೆರಡು ದಿನ ಮೂರು ಕಾಳು ಬಿದ್ದವು, ಅನಂತರ ಒಂದೂ ಇಲ್ಲ. ಗೆದ್ದೆಯಲ್ಲ ಎಂದರೆ ಮಾಪಣ್ಣ ಮುಖ ಸಿಂಡರಿಸುತ್ತಾನೆ. "ಎರಡು ಬಾವಿ ನೋಡಿ ಹಂಗ ಅನಬ್ಯಾಡ್ರೀ. ಬ್ಯಾನಿ ತಾನಾಗೇ ಇಳೀತಿತ್ತೋ ಏನೋ. ನಲವತ್ತು ಬಾವಿದೂ ಚೀಲ ಬಿಚ್ಚಿ ನೋಡ್ರೀ, ಆಮ್ಯಾಲ ಮಾತಾಡ್ರೀ." ಇಷ್ಟು ಎಚ್ಚರ ಆ ಕಾಗದ ಬರೆದವರಿಗಿದ್ದಿದ್ದರೆ!

ಏನಾದರೂ ಆಸೆ ಉಂಟೇ ಎಂಬ ಪ್ರಶ್ನೆಗೆ ಆತ ಡಬ್ಬಿಯ ಮುಚ್ಚಳ ಬಿಗಿಯುತ್ತ ಉತ್ತರಿಸುತ್ತಾನೆ.

"ಒಂದ್ಸಲ ಬ್ಯಾನಿ ಬರೋಕಿಂತ ಮೊದಲೇ ನನ್ನ ಕಳಿಸಬೇಕ್ರೀ. ಯಾರೂ ಮಲಗಂಗಿಲ್ಲ, ಯಾರೂ ಸಾಯಂಗಿಲ್ಲ. ಆಗ ಮಂದಿ ಅಂತಾರ, ಬ್ಯಾನಿನೇ ಬರಲಿಲ್ಲ, ಈ ಮಾಪಣ್ಣ ಸುಮ್ನ ನೀರು ಕೆಡಿಸಿ ಹೋದ ಅಂತ." ಡಬ್ಬಿ ಹೆಗಲಿಗೇರುತ್ತದೆ. "ಅನ್ನಲಿ ಬಿಡ್ರೀ. ಆ ಬೈಗುಳ ತಿನ್ನಾಕ ನಾ ತಯಾರದೀನಿ."