ಸೆಫೆರಿನಾ ಹೊಡೆದ ಅಡ್ಡಗೆರೆ

ಪಿರಿಬೆಬುಯಿ ಊರಲ್ಲಿ ಎಲ್ಲರೂ ಗೌರವದಿಂದ ನ್ಯಾ ಎಂದು ಕರೆಯುವ ಸೆಫೆರಿನಾಗೆ ಕಂಪ್ಯೂಟರ್ ಕಂಡರೆ ಆಗುತ್ತಿರಲಿಲ್ಲ. ಅದು ಅವಳ ಗಂಡ ಅನಸ್ತಾಸಿಯೊನ ಹುಚ್ಚು. ಆಸುನ್ಸಿಯೋನ್ ಬಸ್ಸು ಓಡಿಸಿ ನಿವೃತ್ತನಾದ ಮೇಲೆ, ಐಸ್ ನೀರಲ್ಲಿ ಮಾಡಿ ಹೀರುವ ತೆರೆರೆ ಪಾನೀಯಕ್ಕೆ ಕುಟ್ಟಿ ಹಾಕುವ ಸೊಪ್ಪುಗಳನ್ನು ಕುಂಡದಲ್ಲಿ ಬೆಳೆಸುವುದರ ಬಗ್ಗೆ ಅವನೊಂದು ವೆಬ್‌ಸೈಟ್ ಶುರುಮಾಡಿದ. ಬೆಳೆಸುತ್ತಿದ್ದವಳು ಅವಳು, ಎರಡು ಬೆರಳಲ್ಲಿ ಕುಟ್ಟಿ ಬರೆಯುತ್ತಿದ್ದವನು ಅವನು. ಪಕ್ಕದ ಮನೆಯ ನಾನು ಫೋಟೊ ಹಾಕಿಕೊಡುತ್ತಿದ್ದೆ. ಪ್ರಯಾಣಿಕರ ಜೊತೆ ಹರಟುವ ಹಾಗೇ ಅವನ ಬರವಣಿಗೆ: "ಬನ್ನಿ, ಕೂತ್ಕೊಳ್ಳಿ. ನಿಮ್ಮ ಪುದೀನಕ್ಕೆ ನೀರು ಜಾಸ್ತಿ ಆಗಿದೆ."

ಅವನು ಎದೆನೋವಿನಿಂದ ತೀರಿಕೊಂಡ. ಸೈಟು ಉಳಿಯಿತು. ಕುಂಡದ ಸೊಪ್ಪಿನ ಬಗ್ಗೆ ಯಾರೇ ಹುಡುಕಲಿ, ಮೊದಲು ಬರುತ್ತಿದ್ದುದು ಅವನ ಪುಟವೇ. ಬ್ಯೂನಸ್ ಐರಿಸ್‌ನಿಂದ, ಸ್ಪೇನ್‌ನಿಂದ, ಊರು ಬಿಟ್ಟುಹೋದ ನಮ್ಮವರು ಪ್ರಶ್ನೆ ಕಳಿಸುತ್ತಿದ್ದರು. ಮಧ್ಯಾಹ್ನ ತೆರೆರೆ ಹೀರುತ್ತ ನಾನು ಓದುತ್ತಿದ್ದೆ, ಅವಳು ಉತ್ತರ ಹೇಳುತ್ತಿದ್ದಳು. ಅವನಿಲ್ಲವೆಂದು ನಾವು ಎಲ್ಲೂ ಹಾಕಿರಲಿಲ್ಲ. "ಕರಾಯ್ ಅನಸ್ತಾಸಿಯೊ, ಹೇಗಿದ್ದೀರಿ?" ಎಂದು ಯಾರೋ 'ಯಜಮಾನರೇ' ಎನ್ನುವ ಮರ್ಯಾದೆಯಲ್ಲಿ ಕೇಳಿದ್ದನ್ನು ಓದಿದಾಗ ಅವಳ ಮುಖ ಅರಳುತ್ತಿತ್ತು. ಆ ಸುಖವನ್ನು ಕಿತ್ತುಕೊಳ್ಳಲು ನನಗೂ ಮನಸ್ಸು ಬರಲಿಲ್ಲ.

ಒಂದು ಚಳಿಗಾಲದಲ್ಲಿ ಪ್ರಶ್ನೆಗಳು ನಿಂತೇಹೋದವು.

"ಏನೇ ಹುಡುಗಿ, ಕರೆಂಟ್ ಬಿಲ್ ಕಟ್ಟಿಲ್ವಾ? ಯಾರೂ ಮಾತೇ ಆಡ್ತಿಲ್ವಲ್ಲ!"

ನಾನು ಹುಡುಕಿ ನೋಡಿದೆ. ನಮ್ಮ ಸೈಟು ಹುಡುಕಾಟದ ಫಲಿತಾಂಶಗಳಲ್ಲಿ ಆರನೇ ಪುಟಕ್ಕೆ ಜಾರಿತ್ತು. "ಸರ್ಚ್ ಎಂಜಿನ್‌ನವ್ರು ಲೆಕ್ಕಾಚಾರ ಬದಲಾಯಿಸಿದ್ದಾರೆ, ನ್ಯಾ ಸೆಫೆರಿನಾ. ಯಾವ ಪುಟ ಮುಂದೆ, ಯಾವುದು ಹಿಂದೆ ಅಂತ ಹೊಸದಾಗಿ ಸಾಲು ನಿಲ್ಸಿದ್ದಾರೆ."

"ನಮ್ಮ ಮುದುಕ ಅವ್ರಿಗೇನು ಮಾಡಿದ್ದ?"

"ಇದು ಅವ್ರೊಬ್ರ ಮೇಲಿನ ಸಿಟ್ಟಲ್ಲ. ಕಾಯಿಲೆ, ಔಷಧಿ ಅಂತ ಬರೆದ್ರೆ ಈಗ ಬಿಗಿಯಾಗಿ ನೋಡ್ತಾರಂತೆ. ಬರೆದೋರು ಯಾರು, ಹೇಳಿದ್ದನ್ನ ನಂಬಬಹುದಾ ಅಂತ."

ಅವನ ಪುಟಗಳನ್ನು ಮೊದಲಿಂದ ಗಟ್ಟಿಯಾಗಿ ಓದುತ್ತ ಹೋದೆ. ನೆಲನೆಲ್ಲಿಯ ಜಾತಿಯದೇ ಆದ ಪಾರಾಪಾರಾಯಿ ಗಿಡದ ಬಗ್ಗೆ ಬರೆದಿದ್ದ: "ನನ್ನ ಮೂತ್ರಪಿಂಡದ ಕಲ್ಲನ್ನು ಈ ಎಲೆಯೇ ಕರಗಿಸಿತು. ಡಾಕ್ಟರು ಬೇಕಿಲ್ಲ."

ಸೆಫೆರಿನಾ ನಕ್ಕ ರಭಸಕ್ಕೆ ಕುಡಿಯುತ್ತಿದ್ದ ತೆರೆರೆ ಮೂಗಿಗೇರಿತು. "ಎಲೆಯಂತೆ! ಆ ಕಲ್ಲು ತೆಗೆದಿದ್ದು ಆಸುನ್ಸಿಯೋನ್ ಆಸ್ಪತ್ರೇಲಿ! ಬಾಗಿಲಾಚೆ ಜಪಮಾಲೆ ಹಿಡ್ಕೊಂಡು ಕೂತಿದ್ದೋಳು ನಾನು!"

"ಹಾಗಾದ್ರೆ ಅಳಿಸಿಬಿಡ್ಲಾ?"

ನಗು ನಿಂತಿತು. "ಮುಟ್ಟಬೇಡ. ಸುಳ್ಳೋ ನಿಜಾನೋ, ಅವನ ಮಾತು ಅದು. ಬೇರೆ ಏನು ಉಳಿದಿದೆ ನಂಗೆ?"

ಮತ್ತೆ ನಾನು ಆ ಮಾತೆತ್ತಲಿಲ್ಲ. ಮಧ್ಯಾಹ್ನಗಳು ಸಪ್ಪೆಯಾದವು. ಅವಳು ಗಿಡಗಳ ಜೊತೆಗೇ ಜಗಳವಾಡುತ್ತ ಕೂರುತ್ತಿದ್ದಳು.

ವಸಂತ ಬರುವ ಹೊತ್ತಿಗೆ ಒಂದೇ ಒಂದು ಸಂದೇಶ ಬಂತು. ಎಂಕರ್ನಸಿಯೋನ್‌ನ ಗ್ರಿಸೆಲ್ದಾ ಎಂಬವಳದು: "ಕರಾಯ್, ನಮ್ಮಪ್ಪನಿಗೆ ಕಲ್ಲಿನ ನೋವು. ನಿಮ್ಮ ಪುಟ ತೋರಿಸಿ ಆಸ್ಪತ್ರೆಗೆ ಬರೋದಿಲ್ಲ ಅಂತಿದ್ದಾರೆ. ಈಗ ಜ್ವರವೂ ಬಂದಿದೆ. ಇನ್ನೆಷ್ಟು ಎಲೆ ಹಾಕಬೇಕು?"

ಸೆಫೆರಿನಾ ಎದ್ದು ನಿಂತಳು. "ಬರಿ. ಈಗ್ಲೇ ಬರಿ. ಅಪ್ಪನ್ನ ಎತ್ತಿಕೊಂಡಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ. ಆ ಪುಟ ಬರೆದೋನ ಹೆಂಡ್ತಿ ಹೇಳ್ತಿದ್ದಾಳೆ ಅಂತ ಹೇಳು."

ಕಳಿಸಿದ ಮೇಲೂ ಅವಳು ಕೂರಲಿಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದು, "ಆ ಸಾಲು ಇನ್ನೊಂದ್ಸಲ ಓದು," ಎಂದಳು. ಓದಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ಅಳಿಸಬೇಡ. ಮೇಲೆ ಅಡ್ಡಗೆರೆ ಹೊಡಿ. ಕೆಳಗೆ ನಾನು ಹೇಳೋದನ್ನ ಹಾಕು."

ಅವಳು ಹೇಳಿದ್ದು ಇಷ್ಟು: "ಇದನ್ನು ಬರೆದವರು ನನ್ನ ಗಂಡ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈ ಗಿಡದ ಮೇಲಿನ ಪ್ರೀತಿಗೆ ಸ್ವಲ್ಪ ಸುಳ್ಳು ಹೇಳಿದ್ದಾರೆ. ಕಲ್ಲು ತೆಗೆದವರು ಡಾಕ್ಟರು. ನೋವಿದ್ದರೆ ಆಸ್ಪತ್ರೆಗೆ ಹೋಗಿ. ಗಿಡ ಬೆಳೆಸುವುದು ಹೇಗೆಂದು ನನ್ನನ್ನು ಕೇಳಿ, ಬೆಳೆಸುವವಳು ನಾನು. ಸೆಫೆರಿನಾ."

'ತೀರಿಕೊಂಡು' ಎಂದಾಗ ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. "ಏನು ನೋಡ್ತೀಯಾ? ಬರಿ," ಎಂದು ಗದರಿದಳು.

ಗ್ರಿಸೆಲ್ದಾಳ ಅಪ್ಪ ಆಸ್ಪತ್ರೆ ಸೇರಿ ಚೇತರಿಸಿಕೊಂಡರು. ಆಮೇಲೆ ನಾವು ಒಂದೊಂದೇ ಪುಟ ಹಿಡಿದು ಕೂತೆವು. ಅವನು ಬರೆದದ್ದರ ಕೆಳಗೆ ಅವಳ ತಿದ್ದುಪಡಿ, ಮಣ್ಣುಮೆತ್ತಿದ ಅವಳ ಕೈಗಳ ಫೋಟೊ. ಬೇಸಿಗೆ ಕಳೆದ ಮೇಲೆ ಲೆಕ್ಕಾಚಾರ ಮತ್ತೊಮ್ಮೆ ಬದಲಾಯಿತು. ನಮ್ಮ ಸೈಟು ಎರಡನೇ ಪುಟಕ್ಕೆ ಬಂದು ನಿಂತಿತು. ಮೊದಲಿನ ಜಾಗ ಮತ್ತೆ ಸಿಗಲೇ ಇಲ್ಲ. ಅವಳು ಅದರ ಬಗ್ಗೆ ಕೇಳಲೂ ಇಲ್ಲ.

ಹಳಬರು ಒಬ್ಬೊಬ್ಬರೇ ಸೈಟಿಗೆ ಮರಳಿ ಬಂದರು. ಬ್ಯೂನಸ್ ಐರಿಸ್‌ನ ಒಬ್ಬ, ಚಿಕ್ಕವನಿದ್ದಾಗ ಅನಸ್ತಾಸಿಯೊನ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದೆನೆಂದೂ, ಚಿಲ್ಲರೆ ಇಲ್ಲದ ದಿನ ಅವನು ಸುಮ್ಮನೆ ಹತ್ತಿಸಿಕೊಳ್ಳುತ್ತಿದ್ದನೆಂದೂ ಬರೆದ. ಅವಳಿಗೆ ಅದು ಗೊತ್ತಿರಲಿಲ್ಲ. ನನ್ನಿಂದ ಎರಡು ಸಲ ಓದಿಸಿದಳು.

"ಈ ಹುಡುಗ ಕೊನೇಲಿ ಏನೋ ಕೇಳಿದ್ದಾನಲ್ಲ?"

"ಬಾಲ್ಕನಿಗೆ ಬಿಸಿಲು ಬರಲ್ಲವಂತೆ. ಪುದೀನ ಬರುತ್ತಾ ಅಂತ."

"ಬರುತ್ತೆ," ಎಂದು ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. "ಬರ್ಕೋ, ಹೇಳ್ತೀನಿ."