ಅಳದ ಕೂಸು

ನನಗೆ ನೆನಪಿರುವ ಮಟ್ಟಿಗೆ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ನನ್ನ ತಂಗಿ ಅತ್ತದ್ದು ಬಹಳ ಅಪರೂಪ. ಆಗ ಹೈದರಾಬಾದಿನ ಪಶ್ಚಿಮಕ್ಕಿದ್ದ ಬಂಡೆಗಳನ್ನು ಒಡೆದು ಸಾಫ್ಟ್‌ವೇರ್ ಕಂಪನಿಗಳಿಗಾಗಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಯಾದಗಿರಿ ಕಡೆಯಿಂದ ಬಂದ ನನ್ನ ತಂದೆತಾಯಿಯರು ಅಂಥದೊಂದು ಕಟ್ಟಡದಲ್ಲಿ ಕೂಲಿಗಿದ್ದರು. ಎರಡು ಕಂಬಗಳ ನಡುವೆ ಅವ್ವನ ಹಳೆಯ ಸೀರೆಯ ಜೋಳಿಗೆ, ಅದರೊಳಗೆ ತಂಗಿ. ಶಾಲೆಯಿಂದ ಬಂದ ಮೇಲೆ ತೂಗುವ ಕೆಲಸ ನನ್ನದು. ಆದರೆ ತೂಗುವ ಅಗತ್ಯವೇ ಬೀಳುತ್ತಿರಲಿಲ್ಲ.

ಕೂಸು ಅತ್ತರೆ ತಾಯಿಯನ್ನು ಕೆಲಸದಿಂದ ಬಿಡಿಸುತ್ತಿದ್ದ ಮೇಸ್ತ್ರಿ, ಅವ್ವನನ್ನು ಮಾತ್ರ ಉಳಿಸಿಕೊಂಡಿದ್ದ.

“ಎಂಥಾ ಶಾಣ್ಯಾ ಕೂಸು ಹಡದೀ ಯವ್ವಾ! ನನ್ನದು ಕುಡಸಿದ್ರೂ ಚೀರತೈತಿ, ಬಿಟ್ರೂ ಚೀರತೈತಿ. ಅದಲಾಬದಲಿ ಮಾಡ್ಕೊಳ್ಳೂಣೇನು?” ಎಂದು ಜೊತೆಗಾತಿಯೊಬ್ಬಳು ನಗುತ್ತಿದ್ದಳು. ಅವ್ವನಿಗೆ ಹೆಮ್ಮೆ. ಸಂಜೆ ಗುಡಿಸಲಿಗೆ ಬಂದೊಡನೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಅಂಥ ಗುಣಕ್ಕೆ ಯಾರ ಕಣ್ಣೂ ತಾಗಬಾರದೆಂದು.

ವರ್ಷ ತುಂಬುತ್ತ ಬಂದರೂ ತಂಗಿಯ ಕುತ್ತಿಗೆ ನಿಲ್ಲಲಿಲ್ಲ. ನಾಲಗೆ ಹೊರಚಾಚಿಯೇ ಇರುತ್ತಿತ್ತು. ಮೈ ಒರಟಾಗಿ, ತಣ್ಣಗಿತ್ತು. ಲಸಿಕೆ ಹಾಕಲು ಬಂದ ನರ್ಸಮ್ಮ ಅವಳನ್ನು ನೋಡಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ರಕ್ತಪರೀಕ್ಷೆಯ ನಂತರ ಡಾಕ್ಟರು ತೆಲುಗಿನಲ್ಲಿ ಹೇಳಿದ್ದನ್ನು ಅಪ್ಪ ಅವ್ವನಿಗೆ ತಿಳಿಸಿದ: ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ, ಕೂಸು ಅಳದೆ ಮಂಕಾಗಿ ಮಲಗಿರುತ್ತಿದ್ದುದೂ ಅದರಿಂದಲೇ, ದಿನವೂ ಗುಳಿಗೆ ಕೊಟ್ಟರೆ ಮೈ ಬೆಳೆದೀತು, ಬುದ್ಧಿ ಬೆಳೆಯಬೇಕಾಗಿದ್ದ ತಿಂಗಳುಗಳು ಮಾತ್ರ ತಿರುಗಿ ಬರುವುದಿಲ್ಲ.

“ಅಳವಲ್ದಂತ ನಾನ ಹಿಗ್ಗಿದ್ನಲ್ಲ,” ಎಂದಳು ಅವ್ವ.

ಗುಳಿಗೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕುಡಿಸತೊಡಗಿದೆವು. ಕೆಲವು ವಾರಗಳಲ್ಲಿ ತಂಗಿ ಜೋಳಿಗೆಯಲ್ಲಿ ಕಾಲು ಝಾಡಿಸಿದಳು. ಒಂದು ಮಧ್ಯಾಹ್ನ ಕಟ್ಟಡಕ್ಕೆಲ್ಲ ಕೇಳುವಂತೆ ಅತ್ತಳು. ಅವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಓಡಿ ಬಂದವಳು, ಕೂಸನ್ನು ಎತ್ತಿಕೊಳ್ಳದೆ ಕೇಳುತ್ತ ನಿಂತಳು.

“ಸುಮ್ಮನಿರಸು ಅದನ್ನ! ಇಲ್ಲಂದ್ರ ನಾಳಿಂದ ಬರಬ್ಯಾಡ,” ಎಂದು ನಮ್ಮ ಕಡೆಯವನೇ ಆದ ಮೇಸ್ತ್ರಿ ಕೂಗಿದ.

“ಅಳಲಿ ಬಿಡ್ರಿ,” ಎಂದಳು ಅವ್ವ.

ಮರುದಿನದಿಂದ ಅವಳಿಗೆ ಅಲ್ಲಿ ಕೆಲಸವಿರಲಿಲ್ಲ.

ತಂಗಿ ತಡವಾಗಿ ನಡೆದಳು, ಇನ್ನೂ ತಡವಾಗಿ ಮಾತು ಕಲಿತಳು. ಪಾಠ ತಲೆಗೆ ಹತ್ತಲಿಲ್ಲ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದ ನಾನು ಆ ಕಾಯಿಲೆಯನ್ನು ಈಗ ತಪ್ಪಿಲ್ಲದೆ ವಿವರಿಸಬಲ್ಲೆ. ಅವ್ವ ಕೇಳಿಸಿಕೊಳ್ಳುವುದಿಲ್ಲ. ಮೂಲೆಯಲ್ಲಿ ಕುಳಿತ ತಂಗಿಯನ್ನು ನೋಡಿ ನೆಂಟರು ಯಾರಾದರೂ, “ಎಷ್ಟು ಸಮಾಧಾನದ ಹುಡಿಗಿ ಐತ್ರಿ!” ಎಂದರೆ, ಅವ್ವ ಚಹಾದ ಲೋಟವನ್ನು ಅಲ್ಲಿಯೇ ಇಟ್ಟು ಒಳಗೆ ಹೋಗುತ್ತಾಳೆ.