ಐದು ಮಿಲಿಮೀಟರ್

ಅವನು ಇಪ್ಪತ್ತು ವರ್ಷದಿಂದ ಲೇತ್ ಮೆಷಿನ್ನಿನಲ್ಲಿ ಬಿಡಿಭಾಗಗಳನ್ನು ಕಡೆಯುತ್ತಿದ್ದ. ಈಗೆರಡು ವರ್ಷದಿಂದ ತಿಂದ ತುತ್ತು ಎದೆಯಲ್ಲೇ ನಿಂತುಬಿಡುತ್ತಿತ್ತು. ಊಟದ ನಡುವೆ ಎದ್ದು ಓಡಿಹೋಗಿ ಕಕ್ಕುತ್ತಿದ್ದ. ಎಂಡೋಸ್ಕೋಪಿ ಮಾಡಿಸಿದರೆ ಎಲ್ಲ ಸರಿಯಿದೆ ಎಂದು ಬಂತು. ರಜೆಗೆಂದು ಕೊಟ್ಟ ಆ ವರದಿಯನ್ನು ಸೂಪರ್‌ವೈಸರ್ ಊಟದ ಕೋಣೆಯ ಗೋಡೆಗೆ ಅಂಟಿಸಿದ. ಅಂದಿನಿಂದ ಅವನ ಹೆಸರೇ 'ನಾಟಕದ ಕಂಪನಿ' ಎಂದಾಯಿತು. ಒಂದು ಮಧ್ಯಾಹ್ನ ಇಬ್ಬರು ಜೊತೆಗಾರರು ಅವನ ಕೈಗಳನ್ನು ಹಿಡಿದುಕೊಂಡರು, ಸೂಪರ್‌ವೈಸರ್ ಬಾಯಿಗೆ ತುತ್ತು ತುರುಕಿದ. ಅವನು ಉಸಿರುಗಟ್ಟಿ ಒದ್ದಾಡುತ್ತಿದ್ದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಇನ್ನೊಬ್ಬ ಡಾಕ್ಟರಮ್ಮ ಅವನಿಗೆ ಮಂಪರಿನ ಮದ್ದು ಕೊಟ್ಟು ಮತ್ತೆ ಎಂಡೋಸ್ಕೋಪಿ ಮಾಡುವಾಗ, ತುದಿಯಲ್ಲಿ ಬಲೂನಿರುವ ತೆಳು ಕೊಳವೆಯೊಂದನ್ನೂ ಅನ್ನನಾಳಕ್ಕೆ ಇಳಿಸಿದರು. ಬಲೂನಿಗೆ ನೀರು ತುಂಬಿದಂತೆಲ್ಲ ನಾಳ ಎಷ್ಟು ಹಿಗ್ಗುತ್ತದೆಂಬುದು ಪರದೆಯ ಮೇಲೆ ಮೂಡಿತು.

"ನೋಡಿ, ಹೊಟ್ಟೆಯ ಬಾಯಿ ಐದು ಮಿಲಿಮೀಟರಿಗಿಂತ ಜಾಸ್ತಿ ತೆರೀತಾನೇ ಇಲ್ಲ. ನೀವು ಹೇಳ್ತಿದ್ದಿದ್ದು ನಿಜ ಕಣ್ರೀ," ಎಂದರು, ಅವನಿಗೆ ಎಚ್ಚರವಾದ ಮೇಲೆ. ಅವನು ಅತ್ತೇಬಿಟ್ಟ.

ಮರುದಿನ ಪರದೆಯ ಆ ಚಿತ್ರದ ಪ್ರಿಂಟ್ ಹಿಡಿದು ಸೂಪರ್‌ವೈಸರ್ ಮುಂದೆ ನಿಂತ. ಆತ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದ.

"ಅಯ್ಯೋ, ನಿಜವಾಗ್ಲೂ ಕಾಯಿಲೆನೇ ಕಣೋ! ನಾಟಕ ಆಡೋನಾಗಿದ್ರೆ ಹೇಗೋ ಇಟ್ಕೋಬಹುದಿತ್ತು. ಕಾಯಿಲೆಯವನನ್ನ ಮೆಷಿನ್ ಮುಂದೆ ನಿಲ್ಲಿಸೋಕಾಗುತ್ತಾ?"

ಅವತ್ತೇ ಅವನ ಲೇತ್ ಬೇರೆಯವನ ಕೈಗೆ ಹೋಯಿತು. ತಿಂಗಳಾದ ಮೇಲೆ ಆಪರೇಷನ್ ಆಗಿ, ತುತ್ತು ಸಲೀಸಾಗಿ ಇಳಿಯತೊಡಗಿತು. ಕೆಲಸ ಕೇಳಲು ಹೋದವನನ್ನು ಸೂಪರ್‌ವೈಸರ್ ಬಾಗಿಲಲ್ಲೇ ತಡೆದ.

"ಈಗ ಹೊಟ್ಟೆ ತುಂಬ ತಿಂತೀಯಂತಲ್ಲ, ಮನೇಲಿ ಕೂತು ತಿನ್ನು ಹೋಗು."